ಇನ್ವೇಡರ್ ಝಿಮ್‌ ಕೈಗೆ ಭೂಮಿ ಯಾಕೆ ದಕ್ಕುವುದೇ ಇಲ್ಲ?

ಯಾಕೆಂದರೆ ಭೂಮಿ ಗೆದ್ದು ಬಾ ಎಂದು ಅವನನ್ನು ಯಾರೂ ನಿಜವಾಗಿ ಕಳಿಸಿಯೇ ಇಲ್ಲ. 2001ರಲ್ಲಿ ಮಕ್ಕಳ ಟಿವಿ ಚಾನೆಲ್ ನಿಕಲೋಡಿಯನ್‌ನಲ್ಲಿ ಶುರುವಾದ ‘ಇನ್ವೇಡರ್ ಝಿಮ್’ ಎಂಬ ಈ ಕಾರ್ಟೂನ್ ಸರಣಿಯ ತಮಾಷೆಯೆಲ್ಲ ನಿಂತಿರುವುದು ಇದೇ ಗುಟ್ಟಿನ ಮೇಲೆ. ಹಿಂದಿನ ದಂಡಯಾತ್ರೆಯಲ್ಲಿ ಅನ್ಯಗ್ರಹದ ಜೀವಿಯಾದ ಝಿಮ್ ಸ್ವಂತ ಗ್ರಹಕ್ಕೇ ಬೆಂಕಿ ಹಚ್ಚಿದ್ದ. ಪೀಡೆ ತೊಲಗಲಿ ಎಂದು ಅವನ ಕುಲವಾದ ಇರ್ಕನ್‌ರ ದೊರೆಗಳು (ಅಲ್ಲಿ ಎತ್ತರ ಇದ್ದವರೇ ದೊರೆ, ಝಿಮ್ ಕುಳ್ಳ) ಅವನನ್ನು ಬಾಹ್ಯಾಕಾಶದ ಯಾವುದೋ ಮೂಲೆಗೆ ಅಟ್ಟುತ್ತಾರೆ. ಜೊತೆಗೆ ಗುಜರಿಯಿಂದ ಜೋಡಿಸಿದ ಗಿರ್ ಎಂಬ ರೋಬೋಟ್. ಆ ಮೂಲೆಯಲ್ಲಿ ಅಕಸ್ಮಾತ್ತಾಗಿ ಭೂಮಿ ಇತ್ತು, ಅಷ್ಟೇ. ಝಿಮ್ ಮಾತ್ರ ತಾನು ಮಹಾವೀರ ಅಂತಲೇ ನಂಬಿದ್ದಾನೆ.

ಅವನು ಸಿಕ್ಕಿಬೀಳದಿರುವುದು ಭೂಮಿಯ ಜನರ ದಡ್ಡತನದಿಂದ. ಸರಣಿಯಲ್ಲಿ ನನಗೆ ತುಂಬ ಇಷ್ಟವಾಗುವುದೂ ಇದೇ. ವೇಷವೆಂದರೆ ಒಂದು ವಿಗ್, ಕಾಂಟ್ಯಾಕ್ಟ್ ಲೆನ್ಸ್. ಹಸಿರು ಮೈ ಹಾಗೇ ಇದೆ. ಅದು ಚರ್ಮದ ಕಾಯಿಲೆ ಅಂದರೆ ನಂಬುತ್ತಾರೆ, ಡಿಬ್ ಎಂಬ ಹುಡುಗ ಇವನು ಅನ್ಯಗ್ರಹದವನು ಎಂದು ಎಷ್ಟು ಕೂಗಿ ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.