ಹಿಂದಿನ ವೈಪರ್ ನಿಂತಿದೆ, ಮೋಟಾರ್ ಬದಲಿಸಲೇ?

ಪ್ರಶ್ನೆ: ನಮ್ಮ ಹಳೆಯ ಹ್ಯಾಚ್‌ಬ್ಯಾಕ್ ಕಾರಿನ ಹಿಂದಿನ ವೈಪರ್ ಅಲುಗಾಡುತ್ತಿಲ್ಲ, ಸದ್ದೂ ಇಲ್ಲ. ಹಿಂದಿನ ಗಾಜಿಗೆ ನೀರು ಮಾತ್ರ ಚಿಮ್ಮುತ್ತದೆ. ಡಿಕ್ಕಿ ಬಾಗಿಲಿನಲ್ಲಿರುವ ನಂಬರ್ ಪ್ಲೇಟ್ ದೀಪವೂ ಆಗಾಗ ಮಿಣುಕುತ್ತದೆ. ಗ್ಯಾರೇಜಿನವರು ಮೋಟಾರ್ ಬದಲಿಸಬೇಕು ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ಮಂಡ್ಯ

ಉತ್ತರ: ಸದ್ಯಕ್ಕೆ ಮೋಟಾರ್ ಕೊಳ್ಳಬೇಡಿ. ವೈಪರ್‌ನ ಜೊತೆಗೆ ದೀಪವೂ ಕೈಕೊಡುತ್ತಿರುವುದರಿಂದ, ಚಾವಣಿಯಿಂದ ಡಿಕ್ಕಿ ಬಾಗಿಲಿಗೆ ಹೋಗುವ ವೈರುಗಳ ಮೇಲೆಯೇ ನನಗೆ ಹೆಚ್ಚಿನ ಅನುಮಾನ. ಕೀಲಿನ ಬಳಿಯ ರಬ್ಬರ್ ತೋಳಿನೊಳಗೆ ಹಾದುಹೋಗುವ ಈ ವೈರುಗಳು ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಬಾಗುತ್ತವೆ; ಕಾಲಕ್ರಮೇಣ ಹೊರಗಿನ ಪ್ಲಾಸ್ಟಿಕ್ ಹೊದಿಕೆ ಚೆನ್ನಾಗಿಯೇ ಕಾಣುತ್ತಿದ್ದರೂ ಒಳಗಿನ ತಾಮ್ರದ ಎಳೆಗಳು ತುಂಡಾಗಿರುತ್ತವೆ. ನೀರು ಚಿಮ್ಮುತ್ತದೆ ಎಂಬ ಕಾರಣಕ್ಕೆ ವೈರುಗಳು ಸರಿಯಿವೆಯೆಂದು ಭಾವಿಸಬೇಡಿ. ಪಂಪು ಸಾಮಾನ್ಯವಾಗಿ ನೀರಿನ ಡಬ್ಬಿಯ ಬಳಿಯೇ ಇದ್ದು, ಬಾಗಿಲಿಗೆ ಬರುವುದು ಬರೀ ಕೊಳವೆ.

ಮೊದಲು ಫ್ಯೂಸ್ ನೋಡಿಸಿ. ಹೊಸದನ್ನು ಹಾಕಿದರೂ ಸುಟ್ಟರೆ ವೈರು ಎಲ್ಲೋ ಸುಲಿದು ಕಾರಿನ ಮೈಗೆ ತಗಲುತ್ತಿರಬಹುದು, ಇಲ್ಲವೇ ಮೋಟಾರ್ ಬಿಗಿದಿರಬಹುದು. 15 ಆಂಪಿಯರ್‌ನ ಜಾಗದಲ್ಲಿ 20ರದನ್ನು ತುರುಕುವ ಜಾಣತನ ಬೇಡ. ಫ್ಯೂಸ್ ಸರಿಯಿದ್ದರೆ ರಬ್ಬರ್ ತೋಳನ್ನು ಬಿಡಿಸಿ, ಒಂದೊಂದೇ ವೈರನ್ನು ಮೆಲ್ಲಗೆ ಎಳೆಸಿ ನೋಡಿ. ತುಂಡಾದದ್ದು ರಬ್ಬರಿನಂತೆ ಹಿಗ್ಗುತ್ತದೆ. ಬಾಗುವ ಜಾಗದಲ್ಲೇ ತಿರುಚಿ ಟೇಪ್ ಸುತ್ತಿದರೆ ಅದು ಬಹುಕಾಲ ಬಾಳುವುದಿಲ್ಲ. ಅಷ್ಟೇ ದಪ್ಪದ ಹೊಸ ವೈರಿನ ತುಂಡನ್ನು, ಬೆಸುಗೆಗಳು ತೋಳಿನ ಆಚೀಚೆ ಬರುವಂತೆ ಸೇರಿಸಬೇಕು.

ವೈರುಗಳು ಗಟ್ಟಿಯಾಗಿದ್ದರೆ ಬಾಗಿಲಿನ ಒಳಹಲಗೆಯನ್ನು ಬಿಚ್ಚಿ, ವೈಪರ್ ಸ್ವಿಚ್ ಹಾಕಿಟ್ಟು, ಮೋಟಾರಿನ ಪ್ಲಗ್‌ನಲ್ಲಿ ಟೆಸ್ಟ್ ಲ್ಯಾಂಪ್ (ವಿದ್ಯುತ್ ಬರುತ್ತಿದ್ದರೆ ಬೆಳಗುವ ಪುಟ್ಟ ದೀಪ) ಹಿಡಿಯಬೇಕು. ಕೆಲವು ಕಾರುಗಳಲ್ಲಿ ಬಾಗಿಲು ತೆರೆದಿದ್ದರೆ ಹಿಂದಿನ ವೈಪರ್ ಓಡುವುದೇ ಇಲ್ಲವಾದ್ದರಿಂದ, ಚಿಲಕವನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತರಬೇಕಾದೀತು. (ಬಾಗಿಲು ಹಾಕುವ ಮುನ್ನ ಅದನ್ನು ಬಿಡಿಸುವುದನ್ನು ಮರೆಯಬಾರದು.) ಲ್ಯಾಂಪಿನ ಒಂದು ತುದಿಯನ್ನು ಪ್ಲಗ್‌ನ ವಿದ್ಯುತ್ ಬರುವ ವೈರಿಗೆ ಹಿಡಿದು, ಇನ್ನೊಂದನ್ನು ಕಾರಿನ ಬರಿಯ ಲೋಹಕ್ಕೆ ತಾಗಿಸಿದಾಗ ಬೆಳಗಿ, ಪ್ಲಗ್‌ನ ಅರ್ತ್ ವೈರಿಗೆ (ವಿದ್ಯುತ್ತನ್ನು ಕಾರಿನ ಮೈಗೆ ಮರಳಿಸುವ ವೈರು) ತಾಗಿಸಿದಾಗ ಬೆಳಗದಿದ್ದರೆ ದೋಷ ಅರ್ತ್‌ನದು, ದೀಪ ಮಿಣುಕುವುದಕ್ಕೂ ಅದೇ ಕಾರಣವಿರಬಹುದು.

ಎರಡೂ ಕಡೆ ಬೆಳಗಿದರೆ ಮಾತ್ರ ಮೋಟಾರಿನ ಸರದಿ. ಆಗಲೂ, ಕಬ್ಬಿನ ಗಾಡಿಗಳ ಧೂಳಿನಲ್ಲಿ ಬೇಸಿಗೆಯಿಡೀ ಬಳಸದೆ ಬಿಟ್ಟ ವೈಪರ್‌ನ ದಂಡ ತುಕ್ಕಿನಿಂದ ಬಿಗಿದುಕೊಂಡಿರುವ ಸಾಧ್ಯತೆ ಇರುವುದರಿಂದ, ಅದನ್ನು ಸಡಿಲಿಸಿ ಎಣ್ಣೆ ಬಿಟ್ಟು ನೋಡಿದ ಮೇಲೆಯೇ ಹೊಸ ಮೋಟಾರಿಗೆ ಹಣ ಕೊಡಿ.