ಅತ್ತೆಯ ಜೊತೆ ನಿಮ್ಮ ಕಷ್ಟವನ್ನೂ ಜಿಪಿಗೆ ಹೇಳಿ

ಮದುವೆಯಾಗಿ ಈಗಷ್ಟೇ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದಿದ್ದೀನಿ, ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ ಅತ್ತೆಯನ್ನು ಹಗಲೂ ರಾತ್ರಿ ನಾನೇ ನೋಡಿಕೊಳ್ಳಬೇಕು, ಇಲ್ಲಿನ ಜಿಪಿ, ಅಂದರೆ ಯಾವ ಕಾಯಿಲೆಗೂ ಮೊದಲು ತೋರಿಸುವ ಡಾಕ್ಟರಿಂದ ನನಗೇನಾದರೂ ಸಹಾಯ ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುತ್ತದಮ್ಮಾ. ಆದರೆ ಬಾಯಿ ಬಿಟ್ಟು ಕೇಳಬೇಕು.

ಸ್ನಾನ ಮಾಡಿಸೋದು, ಮಾತ್ರೆ ನುಂಗಿಸೋದು, ಸರಿರಾತ್ರಿ ಬಾಗಿಲು ತೆಗೆದು ಹೊರಟವರನ್ನು ಕೈ ಹಿಡಿದು ಕರೆತರೋದು, ಇದೆಲ್ಲ ಸೊಸೆಯ ಕೆಲಸ, ಡಾಕ್ಟರ್ ಹತ್ರ ಹೇಳೋದೇನಿದೆ ಅಂತ ನಾವು ಸುಮ್ಮನಿರುತ್ತೇವೆ. ಸರ್ಜರಿಯವರೂ (ಇಲ್ಲಿ ಜಿಪಿ ಕ್ಲಿನಿಕ್‌ಗೆ ಸರ್ಜರಿ ಅಂತಾರೆ) ಎಷ್ಟೋ ಸಲ, ಇಂಡಿಯನ್ ಮನೆ, ನೋಡಿಕೊಳ್ಳೋಕೆ ಜನ ಇರುತ್ತಾರೆ ಅಂದುಕೊಂಡು ಕೇಳುವುದೇ ಇಲ್ಲ. ಆ ಜನ ಅಂದರೆ ನೀವೊಬ್ಬರೇ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಮೊದಲು ಸರ್ಜರಿಯಲ್ಲಿ ನಿಮ್ಮ ಹೆಸರೂ ನೋಂದಾಯಿಸಿ. ಆಮೇಲೆ ರಿಸೆಪ್ಷನ್‌ನಲ್ಲಿ, ನಾನು ಕೇರರ್ (ಮನೆಯ ರೋಗಿಯನ್ನು ನೋಡಿಕೊಳ್ಳುವವಳು), ನನ್ನ ರೆಕಾರ್ಡ್‌ನಲ್ಲಿ ಬರೆದುಕೊಳ್ಳಿ ಅನ್ನಿ. ಚಿಕ್ಕ ಫಾರ್ಮ್ ಕೊಡಬಹುದು. ಬರೆಸಿದರೆ ಫ್ಲೂ ಇಂಜೆಕ್ಷನ್ ಪುಕ್ಕಟೆ. ಅತ್ತೆಯನ್ನು ಬಿಟ್ಟುಬರಲಾಗದ ಹೊತ್ತು ತಪ್ಪಿಸಿ ಅಪಾಯಿಂಟ್‌ಮೆಂಟ್ ಕೊಡಿ ಅಂತಲೂ ಕೇಳಬಹುದು. ಬೆನ್ನುನೋವು, ನಿದ್ದೆಗೇಡು, ಸುಮ್‌ಸುಮ್ನೆ ಅಳು ಬರೋದು, ಅದನ್ನೂ ಹೇಳಿ. ಅಲ್ಲಿ ನೀವೂ ಒಬ್ಬ ಪೇಷೆಂಟೇ ಅಲ್ವಾ? ಅತ್ತೆಯ ವಿಷಯ ನಿಮ್ಮ ಜೊತೆ ಮಾತಾಡಲು ಡಾಕ್ಟರಿಗೆ ಅವರ ಒಪ್ಪಿಗೆ ಬೇಕು. ಅವರಿಗೆ ತಿಳಿದು ಹೇಳುವ ಶಕ್ತಿ ಇರುವಾಗಲೇ ಅದನ್ನು ಬರೆಸಿಡಿ.

ಇನ್ನು ಭಾಷೆ. ನೀವಾಗಲಿ, ಮನೆ ಮಕ್ಕಳಾಗಲಿ ದುಭಾಷಿ ಆಗಬೇಡಿ. ಎನ್‌ಎಚ್‌ಎಸ್‌ನಲ್ಲಿ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಇಂಟರ್‌ಪ್ರಿಟರ್‌ಗೆ ನೀವು ದುಡ್ಡು ಕೊಡಬೇಕಿಲ್ಲ, ಕನ್ನಡದವರೇ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ. ಮಾಮೂಲಿ ಅಪಾಯಿಂಟ್‌ಮೆಂಟ್ ಹತ್ತು ನಿಮಿಷದ್ದು, ಅದಕ್ಕೇ ಡಬಲ್ ಕೇಳಿ. ನಮ್ಮತ್ತೆ ನಾನು ಪಕ್ಕದಲ್ಲಿದ್ದರೆ ಡಾಕ್ಟರಿಗೆ ನಗುನಗುತ್ತಾ, ಎಲ್ಲ ಚೆನ್ನಾಗಿದೆ ಅನ್ನುತ್ತಿದ್ದರು. ಒಂದು ಸಲ ನನ್ನನ್ನು ಹೊರಗೆ ಕೂರಿಸಿ ಫೋನ್ ಸ್ಪೀಕರ್‌ನಲ್ಲಿ ಕನ್ನಡದವರನ್ನು ಹಾಕಿದರು. ಮೂತ್ರ ನಿಲ್ಲುವುದಿಲ್ಲ, ಒದ್ದೆ ಲಂಗವನ್ನು ಬೀರುವಿನ ಹಿಂದೆ ತುರುಕಿಡುತ್ತೀನಿ ಅಂತ ಆಗ ಹೇಳಿಕೊಂಡರು. ಸೊಸೆಗೆ ಹೇಳೋಕೆ ನಾಚಿಕೆ, ಪಾಪ. ಡಾಕ್ಟರ್ ಇಂಡಿಯನ್ ಅಂತ ಭಾಷೆಯ ವಿಷಯದಲ್ಲಿ ನಂಬಿಕೊಳ್ಳಬೇಡಿ, ಲೆಸ್ಟರ್‌ನಲ್ಲಿ ಅವರು ಗುಜರಾತಿ ಮಾತಾಡುವವರೂ ಆಗಿರಬಹುದು. ನಮ್ಮವರಿಗೆ ಗೊತ್ತಿರುವ ಡಾಕ್ಟರ್, ವಿಷಯ ಹೊರಗೆ ಹೋಗುತ್ತೇನೋ ಅನ್ನುವ ಭಯವೂ ಬೇಡ. ಪೇಷೆಂಟ್ ವಿಷಯ ಹೊರಗೆ ಆಡಿದರೆ ಅವರ ಲೈಸೆನ್ಸಿಗೇ ಕುತ್ತು.

ಎಲ್ಲವೂ ಜಿಪಿ ಕೈಯಲ್ಲಿಲ್ಲ ಅನ್ನೋದೂ ಗೊತ್ತಿರಲಿ. ಮನೆಗೆ ಸಹಾಯದವರನ್ನು ಕಳಿಸೋದು, ನಿಮಗೆ ಸ್ವಲ್ಪ ಬಿಡುವು ಸಿಗುವ ಹಾಗೆ ಮಾಡೋದು ಕೌನ್ಸಿಲ್, ಅಂದರೆ ಊರಿನ ಸ್ಥಳೀಯ ಆಡಳಿತದ ಕೆಲಸ. ಇಂಗ್ಲೆಂಡಿನಲ್ಲಿ 2014ರ ಕೇರ್ ಆ್ಯಕ್ಟ್ ಪ್ರಕಾರ ಕೇರರ್ಸ್ ಅಸೆಸ್‌ಮೆಂಟ್ (ನಿಮಗೆ ಏನು ಸಹಾಯ ಬೇಕು ಅಂತ ಕೌನ್ಸಿಲ್‌ನವರು ವಿಚಾರಿಸಿ ನೋಡೋದು) ನಿಮ್ಮ ಹಕ್ಕು, ನೀವೇ ಫೋನ್ ಮಾಡಿ ಕೇಳಬಹುದು. ದಾರಿ ಗೊತ್ತಾಗದಿದ್ದರೆ ಸರ್ಜರಿಯಲ್ಲಿ ಸೋಷಿಯಲ್ ಪ್ರಿಸ್ಕ್ರೈಬರ್ (ಔಷಧಿಯಲ್ಲದ ಸಹಾಯ ಎಲ್ಲಿ ಸಿಗುತ್ತೆ ಅಂತ ದಾರಿ ತೋರಿಸುವವರು) ಇದ್ದಾರಾ ಅಂತ ವಿಚಾರಿಸಿ. ಡಾಕ್ಟರಿಗಿಂತ ಇವರಿಗೆ ಟೈಮ್ ಜಾಸ್ತಿ, ಫಾರ್ಮ್ ತುಂಬುವಾಗ ಪಕ್ಕದಲ್ಲಿ ಕೂರುತ್ತಾರೆ.

ದುಡ್ಡಿನ ವಿಷಯದಲ್ಲಿ ಮಾತ್ರ ಹುಷಾರು. ಮದುವೆಯಾಗಿ ಬಂದಿದ್ದೀರಿ, ಹಾಗಾಗಿ ನಿಮ್ಮದು ಸ್ಪೌಸ್ ವೀಸಾ ಇರಬೇಕು. ಅದರಲ್ಲಿ ಸಾಮಾನ್ಯವಾಗಿ ಪಬ್ಲಿಕ್ ಫಂಡ್ಸ್ ಇಲ್ಲ ಅಂತ ಇರುತ್ತದೆ, ಅಂದರೆ ಒಂದು ಪಟ್ಟಿಯಲ್ಲಿರುವ ಸರ್ಕಾರಿ ಹಣದ ಸಹಾಯಗಳನ್ನು ನೀವು ತೆಗೆದುಕೊಳ್ಳುವಂತಿಲ್ಲ. ಕೇರರ್ಸ್ ಅಲವೆನ್ಸ್ (ನೋಡಿಕೊಳ್ಳುವವರಿಗೆ ಸಿಗುವ ಭತ್ಯೆ) ಆ ಪಟ್ಟಿಯಲ್ಲಿದೆ, ಸಲಹೆ ಕೇಳದೆ ಅರ್ಜಿ ಹಾಕಬೇಡಿ. ಕೌನ್ಸಿಲ್ ಅಸೆಸ್‌ಮೆಂಟ್ ಆ ಪಟ್ಟಿಯಲ್ಲಿಲ್ಲ, ಅದಕ್ಕೆ ಹೆದರಬೇಡಿ. ಅತ್ತೆ ಇಲ್ಲೇ ನೆಲೆಸಿದವರಾದರೆ, ಪಿಂಚಣಿ ವಯಸ್ಸು ದಾಟಿದ್ದರೆ, ಅವರ ಹೆಸರಲ್ಲಿ ಅಟೆಂಡೆನ್ಸ್ ಅಲವೆನ್ಸ್‌ಗೆ (ಆರೈಕೆ ಬೇಕಾದ ವಯಸ್ಸಾದವರಿಗೆ ಸಿಗುವ ಭತ್ಯೆ) ಅರ್ಜಿ ಹಾಕಿ. ಅದಕ್ಕೆ ಆದಾಯ, ಉಳಿತಾಯ ನೋಡುವುದಿಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಮಾತ್ರ ಫೋನ್ ಮಾಡಬೇಡಿ, ಊರೆಲ್ಲ ಅಪಾಯಿಂಟ್‌ಮೆಂಟ್‌ಗೆ ಮುಗಿಬೀಳುವ ಹೊತ್ತದು. ಮಧ್ಯಾಹ್ನ ಸರ್ಜರಿಯ ಕೌಂಟರ್‌ಗೇ ಹೋಗಿ ಕೇರರ್ ಫಾರ್ಮ್ ಕೇಳಿ. ಅಲ್ಲಿದ್ದವರಿಗೆ ಏನೂ ಗೊತ್ತಿಲ್ಲದಿದ್ದರೆ ಪ್ರಾಕ್ಟೀಸ್ ಮ್ಯಾನೇಜರ್‌ಗೆ ಒಂದು ಚೀಟಿ ಬರೆದಿಟ್ಟು ಬನ್ನಿ.