ಪರಮಪ್ರಸಾದ ಹಂಚುವಾಗ ಕೈಗೆ ಕೊಡಬೇಕೋ, ನಾಲಿಗೆಗೋ? ಯಾವುದರಲ್ಲಿ ಭಕ್ತಿ ಜಾಸ್ತಿ?

‘ಮುಂದಿನ ಭಾನುವಾರದಿಂದ ನಾನೂ ಹಂಚಬೇಕು, ಈಗಲೇ ಕೈ ನಡುಗುತ್ತಿದೆ’ ಎಂದು ಬರೆದಿದ್ದೀರಿ. ನಡುಗಲಿ ಬಿಡಿ. ಕ್ರಿಸ್ತರ ಶರೀರವೆಂದು ನಾವು ನಂಬುವ ರೊಟ್ಟಿಯನ್ನು ಪೂಜೆಯಲ್ಲಿ ಹಂಚುವ ಕೆಲಸ ಇದು. ನನ್ನ ಕೈ ನಡುಗುವುದು ನಿಂತ ಮೇಲೆಯೇ ನನ್ನಿಂದ ಆ ತಪ್ಪು ಆಗಿದ್ದು.

2016ರ ಸೆಪ್ಟೆಂಬರ್ 8, ಆರೋಗ್ಯ ಮಾತೆ ಮರಿಯಮ್ಮನವರ ಹಬ್ಬ. ಬೆಂಗಳೂರಿನಲ್ಲಿ ಈ ಹಬ್ಬ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಆಗಸ್ಟ್ 29ಕ್ಕೆ ಧ್ವಜ ಏರಿದರೆ ಒಂಬತ್ತು ದಿನ ಶಿವಾಜಿನಗರದ ಸಂತ ಮೇರಿ ಬಸಿಲಿಕಾದ ಸುತ್ತ ಕಾಲಿಡೋಕೆ ಜಾಗ ಇರುವುದಿಲ್ಲ. ಕಾವಿ ಬಟ್ಟೆ ಉಟ್ಟವರು, ಹರಕೆ ಹೊತ್ತವರು, ಎಲ್ಲ ಧರ್ಮದವರೂ ಬರುತ್ತಾರೆ. ನಮ್ಮ ಧರ್ಮಕೇಂದ್ರ ಚಿಕ್ಕದು, ಆದರೂ ಹಬ್ಬದ ದಿನ ಅಲ್ಲೂ ಹಾಗೇ. ದೇವಾಲಯದ ಒಳಗೆ ಹಿಡಿಸದೆ ಜನ ಅಂಗಳದ ಶಾಮಿಯಾನದ ಕೆಳಗೆ ನಿಂತಿದ್ದರು. ನಾನು ಈ ಸೇವೆಗೆ ಸೇರಿ ಎರಡು ವರ್ಷ ಆಗಿತ್ತು. ಮೊದಮೊದಲು ಶನಿವಾರ ರಾತ್ರಿಯೇ ಉಗುರು ಕತ್ತರಿಸಿಕೊಳ್ಳುತ್ತಿದ್ದೆ, ಪೂಜೆಗೆ ಮುಂಚೆ ಮೂರು ಸಲ ಕೈ ತೊಳೆಯುತ್ತಿದ್ದೆ. ಎರಡು ವರ್ಷದಲ್ಲಿ ಅದೆಲ್ಲ ರೂಢಿಯಾಗಿ, ರೂಢಿಯಾಗಿದ್ದಕ್ಕೇ ಮನಸ್ಸು ಬೇರೆ ಕಡೆ ಹೋಗುತ್ತಿತ್ತು.

ಸಂಜೆ ಪೂಜೆಯಲ್ಲಿ ನನ್ನನ್ನು ಅಂಗಳದ ಸಾಲಿಗೆ ಹಾಕಿದರು. ಮೋಡ ಕವಿದಿತ್ತು. ತೇರು ಸಿದ್ಧವಾಗಿ ನಿಂತಿತ್ತು. ಹಬ್ಬದ ಕಮಿಟಿಯವರೊಬ್ಬರು ಪಕ್ಕಕ್ಕೆ ಬಂದು, ‘ಸ್ವಲ್ಪ ಬೇಗ ಬೇಗ, ಮಳೆಗೆ ಮುಂಚೆ ತೇರು ಹೊರಡಬೇಕು’ ಎಂದರು. ನಾನೂ ಬೇಗ ಬೇಗ ಕೊಡೋಕೆ ಶುರು ಮಾಡಿದೆ. ‘ಕ್ರಿಸ್ತರ ಶರೀರ’ ಎನ್ನುವ ಎರಡು ಪದ ನನ್ನ ಬಾಯಲ್ಲಿ ಒಂದೇ ಪದವಾಯಿತು. ಜನ ‘ಆಮೆನ್’ ಅನ್ನುವುದರೊಳಗೆ ನನ್ನ ಬೆರಳು ಮುಂದಿನದನ್ನು ಎತ್ತಿಕೊಂಡಾಗಿರುತ್ತಿತ್ತು.

ಹಾಗೆ ಸುಮಾರು ಇನ್ನೂರು ಜನಕ್ಕೆ ಕೊಟ್ಟಿರಬೇಕು. ಪಕ್ಕದಲ್ಲಿದ್ದ ಪೀಠಬಾಲಕ, ಪೂಜೆಗೆ ನೆರವಾಗುವ ಹುಡುಗ, ನನ್ನ ಅಂಗಿ ಎಳೆದ. ‘ಅಂಕಲ್, ಆ ಅಜ್ಜಿ ತಿನ್ನಲಿಲ್ಲ. ಕಣ್ಣಿಗೆ ಒತ್ತಿಕೊಂಡು ಸೆರಗಿಗೆ ಕಟ್ಟಿಕೊಂಡರು.’

ನಾನು ಸಾಲು ಬಿಟ್ಟು ಹೋದೆ. ಕೈಯಲ್ಲಿ ಪ್ರಸಾದ ಪಾತ್ರೆ ಹಾಗೇ ಇತ್ತು. ಶಾಮಿಯಾನದ ಕಂಬದ ಹತ್ತಿರ ಆಕೆಯ ಹಿಂದೆ ನಿಂತು, ‘ಏನಮ್ಮಾ ಅದು, ತಿನ್ನಿ, ಇಲ್ಲಾಂದ್ರೆ ವಾಪಸ್ ಕೊಡಿ’ ಎಂದು ಗಟ್ಟಿಯಾಗಿ ಹೇಳಿದೆ. ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ. ಆಕೆ ತಿರುಗಿದರು. ಆಗ ಗೊತ್ತಾಯಿತು, ಅವರು ನಮ್ಮ ಗೇಟಿನ ಪಕ್ಕ ಹೂವು, ಮೇಣದ ಬತ್ತಿ ಮಾರುವ ಅಮ್ಮ. ವರ್ಷಗಟ್ಟಲೆ ಪ್ರತಿ ಭಾನುವಾರ ಅವರ ಹತ್ತಿರವೇ ನಾನು ಒಂದು ಮೊಳ ಸೇವಂತಿಗೆ ತೆಗೆದುಕೊಂಡಿದ್ದೇನೆ. ಅವರು ಯಾವತ್ತೂ ಒಳಗೆ ಪೂಜೆಗೆ ಬಂದವರಲ್ಲ. ಗಾಬರಿಯಲ್ಲಿ ಸೆರಗಿನ ಗಂಟು ಬಿಚ್ಚಲು ಹೋದರು. ಹೂವು ಕಟ್ಟಿ ಕಟ್ಟಿ ಒರಟಾದ ಬೆರಳು, ಅದೂ ನಡುಗುತ್ತಿತ್ತು. ಗಂಟಿನೊಳಗೇ ಪರಮಪ್ರಸಾದ ಮುರಿಯಿತು. ಒಂದು ಚೂರು ಕೆಳಗೆ, ಒದ್ದೆ ಸಿಮೆಂಟಿನ ಮೇಲೆ ಬಿತ್ತು.

‘ಮೊಮ್ಮಗೀಗೆ ಜ್ವರ ಸ್ವಾಮಿ, ನಾಲ್ಕು ದಿನ ಆಯ್ತು. ಅದಕ್ಕೇ ತಗೊಂಡೋಗ್ತಿದ್ದೆ.’ ಇಷ್ಟು ಹೇಳಿ ಅತ್ತುಬಿಟ್ಟರು.

ಫಾದರ್ ಬಂದರು. ನನ್ನ ಕಡೆ ನೋಡಲೂ ಇಲ್ಲ. ಒದ್ದೆ ನೆಲದ ಮೇಲೆ ಮೊಣಕಾಲೂರಿ ಆ ಚೂರನ್ನು ಬೆರಳ ತುದಿಯಿಂದ ಎತ್ತಿ ತಾವೇ ಸೇವಿಸಿದರು. ಸಿಸ್ಟರ್‌ಗೆ ಹೇಳಿ ಒಂದು ಬಟ್ಟಲು ನೀರು, ಬಿಳಿ ವಸ್ತ್ರ ತರಿಸಿದರು. ಗಂಟಿನಲ್ಲಿದ್ದ ಚೂರುಗಳನ್ನು ತೆಗೆದುಕೊಂಡ ಮೇಲೆ, ‘ಅಮ್ಮಾ, ಸ್ವಲ್ಪ ಸೆರಗು ಕೊಡ್ತೀರಾ?’ ಎಂದು ಕೇಳಿ, ಆ ತುದಿಯನ್ನು ಬಟ್ಟಲಲ್ಲಿ ಅದ್ದಿ ತೊಳೆದರು. ಅರಿಶಿನ ಬಣ್ಣದ ಸೀರೆ, ತುದಿಯಲ್ಲಿ ಹೂವಿನ ಕಲೆ. ಬಿದ್ದ ಜಾಗಕ್ಕೂ ನೀರು ಹಾಕಿ ಒರೆಸಿದರು. ಆ ನೀರನ್ನು ಚರಂಡಿಗೆ ಹಾಕಿಸಲಿಲ್ಲ, ಮಣ್ಣಿಗೆ ಹೋಗುವ ಹಾಗೆ ಸುರಿಸಿದರು. ಆಮೇಲೆ ಆಕೆಯ ತಲೆ ಮೇಲೆ ಕೈಯಿಟ್ಟು, ‘ಮಗೂನ ಕರ್ಕೊಂಡು ಬನ್ನಿ, ಪ್ರಾರ್ಥನೆ ಮಾಡೋಣ’ ಎಂದರು. ಆಕೆ ತಲೆ ಆಡಿಸಿ ಹೋದವರು ಮತ್ತೆ ಬರಲಿಲ್ಲ. ಮಾರನೇ ಭಾನುವಾರ ಗೇಟಿನ ಪಕ್ಕ ಅವರ ಜಾಗ ಖಾಲಿ. ಅದರ ಮುಂದಿನ ಭಾನುವಾರವೂ ಖಾಲಿ. ವಿಚಾರಿಸಿಕೊಂಡು ಮನೆ ಹುಡುಕಿ ಹಣ್ಣು ತೆಗೆದುಕೊಂಡು ಹೋದೆ. ಮಗಳು ಬಾಗಿಲಲ್ಲೇ ನಿಂತು, ಮಗು ಚೆನ್ನಾಗಿದೆ, ಅಮ್ಮ ಮನೆಯಲ್ಲಿಲ್ಲ ಎಂದಳು. ಒಳಗಿನಿಂದ ಯಾರೋ ಕೆಮ್ಮಿದ್ದು ಕೇಳಿಸಿತು.

ತಪ್ಪು ಯಾವುದು ಎಂದು ನಾನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಎಲ್ಲರೂ ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡರು. ಕ್ರೈಸ್ತರಲ್ಲದವರಿಗೆ ಕೊಟ್ಟಿದ್ದೇ ತಪ್ಪು ಎಂದು ಕೆಲವರು ಹೇಳಿದರು. ಅಷ್ಟು ಜನರಲ್ಲಿ ಯಾರಿಗಾದರೂ ಹಾಗಾಗಬಹುದಿತ್ತು. ಕೈಗೆ ಕೊಟ್ಟಿದ್ದೇ ತಪ್ಪು, ನಾಲಿಗೆಗೆ ಕೊಟ್ಟಿದ್ದರೆ ಸೆರಗಿಗೆ ಹೋಗುತ್ತಲೇ ಇರಲಿಲ್ಲ ಎಂದು ಇನ್ನು ಕೆಲವರು. ಅದೂ ಅಲ್ಲ. ಮಾರನೇ ದಿನ ಫಾದರ್ ನನ್ನನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ‘ನೀನು ಕೊಡುವಾಗ ಆಕೆ ಏನಂದರು?’ ನನಗೆ ಗೊತ್ತಿರಲಿಲ್ಲ. ಆಮೆನ್ ಅಂದರೋ, ಸ್ವಾಮಿ ಅಂದರೋ, ಸುಮ್ನೆ ಇದ್ದರೋ ಗೊತ್ತಿಲ್ಲ. ನಾನು ಕೇಳಿಸಿಕೊಂಡೇ ಇರಲಿಲ್ಲ. ಮುಖವನ್ನೂ ನೋಡಿರಲಿಲ್ಲ. ನೋಡಿದ್ದರೆ ಗುರುತು ಸಿಗುತ್ತಿತ್ತು, ಅಲ್ವಾ? ಪ್ರತಿ ವಾರ ಮಾತಾಡಿಸುವ ಮುಖ. ಅವರ ಅಂಗೈಗೆ ಪರಮಪ್ರಸಾದ ಇಡುವ ಹೊತ್ತಿಗೆ ನನ್ನ ಕಣ್ಣು ಅವರ ಹಿಂದೆ ನಿಂತವರ ಮೇಲಿತ್ತು, ಸಾಲು ಇನ್ನೂ ಎಷ್ಟಿದೆ ಎಂದು. ಅದೇ ನನ್ನ ತಪ್ಪು. ಆಮೇಲೆ ಕೂಗಿದ್ದು, ಪಾತ್ರೆ ಹಿಡಿದು ಜನರ ನಡುವೆ ಹೋಗಿದ್ದು, ಎಲ್ಲವೂ ಅದರಿಂದಲೇ ಬಂದಿದ್ದು. ಒಂದು ಕ್ಷಣ ಮುಖ ನೋಡಿದ್ದರೆ, ‘ಅಮ್ಮಾ, ನೀವಾ? ಆಮೇಲೆ ಫಾದರ್ ಹತ್ತಿರ ಆಶೀರ್ವಾದ ತಗೊಳ್ಳಿ’ ಎಂದು ಮೆಲ್ಲಗೆ ಹೇಳಬಹುದಿತ್ತು. ಆಕೆ ಇವತ್ತಿಗೂ ಗೇಟಿನ ಪಕ್ಕ ಕೂತಿರುತ್ತಿದ್ದರು.

ಒಂದು ವರ್ಷ ನಾನೇ ಸೇವೆ ಬಿಟ್ಟೆ. ಫಾದರ್ ಕರೆದ ಮೇಲೆ ಮತ್ತೆ ಸೇರಿದೆ.

ಈಗ ನಿಮ್ಮ ಪ್ರಶ್ನೆ. ಕೈಯೋ ನಾಲಿಗೆಯೋ ಎಂದು ಕೇಳಿದ್ದೀರಿ. ಅದನ್ನು ತೀರ್ಮಾನ ಮಾಡುವುದು ಹಂಚುವ ನಿಮ್ಮ ಕೆಲಸವೇ ಅಲ್ಲ. 2004ರಲ್ಲಿ ರೋಮ್ ಹೊರಡಿಸಿದ ‘ರೆಡೆಂಪ್ಷನಿಸ್ ಸಾಕ್ರಮೆಂತುಮ್’ ಎಂಬ ಸೂಚನೆಯಲ್ಲಿ ಇದು ಸ್ಪಷ್ಟವಾಗಿದೆ. ನಾಲಿಗೆಯ ಮೇಲೆ ಸ್ವೀಕರಿಸುವುದು ಪ್ರತಿ ಭಕ್ತರ ಹಕ್ಕು. ಕೈಗೆ ಕೊಡಲು ಅನುಮತಿ ಇರುವ ಕಡೆ, ಕೇಳಿದವರಿಗೆ ಕೈಗೂ ಕೊಡಬೇಕು. ಅಪವಿತ್ರವಾಗುವ ಅಪಾಯ ಇದ್ದರೆ ಮಾತ್ರ ಕೈಗೆ ಕೊಡಬಾರದು. ಅಂದರೆ ಆಯ್ಕೆ ಸ್ವೀಕರಿಸುವವರದು. ಬಾಯಿ ತೆರೆದವರಿಗೆ ‘ಕೈ ಚಾಚಿ’ ಎಂದು ಸನ್ನೆ ಮಾಡುವುದು, ಕೈ ಚಾಚಿದವರನ್ನು ಭಕ್ತಿ ಕಮ್ಮಿ ಎನ್ನುವ ಹಾಗೆ ನೋಡುವುದು, ಎರಡೂ ತಪ್ಪು. ನಾಲಿಗೆಗೆ ಕೊಟ್ಟರೆ ತಾನಾಗೇ ಭಕ್ತಿ ಬರುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆ ದಿನ ನಾನಿದ್ದ ಅವಸರದಲ್ಲಿ ನಾಲಿಗೆಗೆ ಕೊಟ್ಟಿದ್ದರೂ ಬೀಳಿಸುತ್ತಿದ್ದೆ.

ಕೈ ಇಡುವ ರೀತಿಯಲ್ಲೂ ಜನರನ್ನು ಗೋಳು ಹೊಯ್ದುಕೊಳ್ಳಬೇಡಿ. ಎಡಗೈ ಮೇಲಿರಲಿ, ಬಲಗೈಯಿಂದ ತೆಗೆದು ಬಾಯಿಗೆ ಹಾಕಿಕೊಳ್ಳಿ ಎಂದು ಪ್ರಥಮ ಪರಮಪ್ರಸಾದದ ಮಕ್ಕಳಿಗೆ ಕಲಿಸುತ್ತೇವೆ. ಆದರೆ ನಮ್ಮ ಕಡೆಯ ಅಜ್ಜಿಯರಿಗೆ ಎಡಗೈಯಲ್ಲಿ ಪ್ರಸಾದ ಅಂದರೇನೇ ಮೈ ಜುಮ್ಮೆನ್ನುತ್ತದೆ. ಅವರು ಬಲಗೈಯನ್ನೇ ಮೇಲಿಡುತ್ತಾರೆ, ಅಂಗೈಯಿಂದ ನೇರ ಬಾಯಿಗೆ ತೆಗೆದುಕೊಳ್ಳುತ್ತಾರೆ. ನಾಲ್ಕನೇ ಶತಮಾನದಲ್ಲಿ ಜೆರುಸಲೇಮಿನ ಸಂತ ಸಿರಿಲ್‌ರ ಹೆಸರಿನ ಉಪದೇಶದಲ್ಲಿ ಹೇಳಿರುವುದೂ ಅದೇ: ರಾಜನನ್ನು ಬರಮಾಡಿಕೊಳ್ಳುವ ಬಲಗೈಗೆ ಎಡಗೈ ಸಿಂಹಾಸನವಾಗಲಿ. ಚೂರೂ ಬೀಳದಂತೆ ನೋಡಿಕೊಳ್ಳಿ, ಚಿನ್ನದ ಪುಡಿ ಕೊಟ್ಟರೆ ಎಷ್ಟು ಜೋಪಾನ ಮಾಡುತ್ತೀರಿ ಎಂದೂ ಅಲ್ಲೇ ಕೇಳಿದೆ. ನಮ್ಮ ಅಜ್ಜಿಯರು ಅಂಗೈಯನ್ನು ಇನ್ನೊಂದು ಸಲ ನೋಡಿಕೊಂಡು ಹೋಗುವುದನ್ನು ಗಮನಿಸಿ. ಚಪ್ಪಲಿ ಬಿಟ್ಟು ಬರುವುದು, ಕೈಮುಗಿದು ತಲೆಬಾಗುವುದು ಕೂಡ ಹಳ್ಳಿಯ ಅಭ್ಯಾಸ ಎಂದು ತಳ್ಳಿಹಾಕಬೇಡಿ. 1969ರಲ್ಲಿ ಭಾರತದ ಪೂಜಾವಿಧಿಗೆ ರೋಮ್ ಒಪ್ಪಿದ 12 ಅಂಶಗಳಲ್ಲಿ ಅವೂ ಇವೆ.

ನಾನು ಗಟ್ಟಿಯಾಗಿ ಹಿಡಿದಿರುವ ಕೆಲವು ಸಂಗತಿಗಳಿವೆ. ಪಾತ್ರೆಯನ್ನು ನೀವೇ ಬಲಿಪೀಠದಿಂದ ಎತ್ತಿಕೊಳ್ಳಬೇಡಿ, ಗುರುಗಳ ಕೈಯಿಂದ ತೆಗೆದುಕೊಳ್ಳಿ. ಗುರುಗಳಲ್ಲದ ನಮ್ಮಂಥವರಿಗೆ ಈ ಸೇವೆಗೆ ದಾರಿಯಾಗಿದ್ದು 1973ರಲ್ಲಿ, ಅದೂ ಗುರುಗಳು ಸಾಲದಿದ್ದಾಗ ನೆರವಿಗೆ ಎಂದು. ಹಾಗಾಗಿ ನಾಲ್ಕು ಗುರುಗಳು ಇರುವ ದಿನ ನೀವು ಬೆಂಚಿನಲ್ಲಿ ಕೂತಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಗಲ್ಲದ ಕೆಳಗೆ ಹಿಡಿಯುವ ತಟ್ಟೆ ಈಗ ಬಹಳ ಕಡೆ ಬೀರುವಿನಲ್ಲಿದೆ. ಅದನ್ನು ಉಳಿಸಿಕೊಳ್ಳಬೇಕು ಎಂದು 2004ರ ಅದೇ ಸೂಚನೆಯಲ್ಲಿದೆ, ನಿಮ್ಮ ಫಾದರ್‌ಗೆ ಕೇಳಿ ಹೊರಗೆ ತೆಗೆಸಿ. ಮುಗಿದ ಮೇಲೆ ಬೆರಳನ್ನು ನೀರಿನ ಪುಟ್ಟ ಬಟ್ಟಲಲ್ಲಿ ಅದ್ದಿಯೇ ಒರೆಸಿಕೊಳ್ಳಿ, ನೇರ ಸ್ಯಾನಿಟೈಸರ್‌ಗೆ ಹೋಗಬೇಡಿ.

ಹಬ್ಬದ ದಿನ ಪರಮಪ್ರಸಾದಕ್ಕೆ ಮುಂಚೆ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಹೇಳಿಸಿ. ಸುಮ್ನೆ ‘ಕ್ಯಾಥೋಲಿಕರು ಮಾತ್ರ’ ಎಂದರೆ ಸಾಲದು, ಅದು ಬಾಗಿಲು ಹಾಕಿದ ಹಾಗೆ ಕೇಳಿಸುತ್ತದೆ. ಪ್ರಸಾದ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಊರಿನ ಯಾರೇ ಆಗಲಿ ಕೈ ಚಾಚುತ್ತಾರೆ, ಮನೆಯವರಿಗೂ ಒಂದಿಷ್ಟು ಕಟ್ಟಿಕೊಳ್ಳುತ್ತಾರೆ. ಅದು ಅವರ ಭಕ್ತಿ. ಆ ಹೂವಿನಮ್ಮ ಕಣ್ಣಿಗೆ ಒತ್ತಿಕೊಂಡಿದ್ದರಲ್ಲಿ ಇದ್ದ ಗೌರವ ಆ ಹೊತ್ತು ನನ್ನ ಕೈಯಲ್ಲಿ ಇರಲಿಲ್ಲ. ನಮ್ಮಲ್ಲಿ ಈಗ ಹೀಗೆ ಹೇಳಿಸುತ್ತೇವೆ: ‘ಇದು ಯೇಸುಸ್ವಾಮಿಯ ಶರೀರ ಎಂದು ನಂಬಿ, ಜ್ಞಾನಸ್ನಾನ ಪಡೆದು ಸಿದ್ಧರಾದವರು ಇಲ್ಲೇ ಸ್ವೀಕರಿಸುತ್ತಾರೆ, ಮನೆಗೆ ಒಯ್ಯುವುದಿಲ್ಲ. ಉಳಿದವರು ಎದೆಯ ಮೇಲೆ ಕೈ ಕಟ್ಟಿಕೊಂಡು ಫಾದರ್ ಹತ್ತಿರ ಬನ್ನಿ, ನಿಮಗಾಗಿ, ಮನೆಯಲ್ಲಿ ಕಾಯಿಲೆ ಇರುವವರಿಗಾಗಿ ಪ್ರಾರ್ಥಿಸುತ್ತಾರೆ.’ ಕೊನೆಯ ಮಾತನ್ನು ಸೇರಿಸಲು ಕೇಳಿಕೊಂಡವನು ನಾನು.

ಇಷ್ಟಾದರೂ ಯಾರಾದರೂ ಕೈ ಚಾಚಿ, ‘ಆಮೆನ್’ ಬರದಿದ್ದರೆ, ನಿಲ್ಲಿ. ‘ಕ್ಯಾಥೋಲಿಕರಾ?’ ಎಂದು ಮೆಲ್ಲಗೆ ಕೇಳಿ. ಅಲ್ಲ ಎಂದರೆ ತಲೆಬಾಗಿ ಗುರುಗಳ ಸಾಲು ತೋರಿಸಿ. ಕೊಟ್ಟಾಗಿದ್ದು, ಬಾಯಿಗೆ ಹೋಗಿಲ್ಲ ಎಂದು ಕಂಡರೆ, ಅವರೊಬ್ಬರಿಗೇ ಕೇಳಿಸುವಷ್ಟು ದನಿಯಲ್ಲಿ ‘ಅದನ್ನು ನನಗೇ ಕೊಡಿ’ ಎನ್ನಿ. ದೂರ ಹೋಗಿದ್ದರೆ ನೀವು ಹೋಗಬೇಡಿ, ಪಾತ್ರೆ ನಿಮ್ಮ ಕೈಯಲ್ಲಿದೆ. ಪಕ್ಕದಲ್ಲಿ ಒಬ್ಬ ಸಿಸ್ಟರ್ ಅಥವಾ ಹಿರಿಯರು ನಿಂತಿರಲಿ, ಅವರು ಹೋಗುತ್ತಾರೆ. ಬೇಗ ಬೇಗ ಎಂದು ಯಾರಾದರೂ ಕಿವಿಯಲ್ಲಿ ಹೇಳಿದರೆ ಕೇಳಿಸಿಕೊಳ್ಳಬೇಡಿ. ತೇರು ಕಾಯುತ್ತದೆ. ಆ ದಿನ ಮಳೆಯೂ ತೇರು ತಿರುಗಿ ಬಂದ ಮೇಲೆಯೇ ಬಂತು.

ಭಾನುವಾರ ಕೈ ಜಾಸ್ತಿ ನಡುಗಿದರೆ ಪಾತ್ರೆಯನ್ನು ಎದೆಗೆ ಆನಿಸಿ ಹಿಡಿದುಕೊಳ್ಳಿ. ಪೀಠಬಾಲಕನಿಗೆ ತಟ್ಟೆಯನ್ನು ಒಂದು ಗೇಣು ಕೆಳಗೆ, ಅಲ್ಲಾಡದಂತೆ ಹಿಡಿಯಲು ಮೊದಲೇ ಹೇಳಿಡಿ.